ಇಲ್ಲದ ಗುಡ್ಡ ತೋರಿಸುತ್ತಿದ್ದ ವಾಚು: ಎತ್ತರದ ಲೆಕ್ಕ ಸರಿಪಡಿಸಿದ ದಾಖಲೆ

ನಾನು ವಾರಕ್ಕೆ ನಾಲ್ಕೈದು ಸಲ ಓಡುವುದು ಒಂದೇ ದಾರಿಯಲ್ಲಿ. ಮನೆಯ ಗೇಟಿನಿಂದ ಹೊರಟು 5 ಕಿಲೋಮೀಟರ್ ಹೋಗಿ, ಅಲ್ಲಿರುವ ನೀರಿನ ಟ್ಯಾಂಕಿನ ಗೋಡೆ ಮುಟ್ಟಿ, ಹೋದ ದಾರಿಯಲ್ಲೇ ವಾಪಸ್. ಹೆಚ್ಚುಕಡಿಮೆ ಸಪಾಟು. ನಡುವೆ ಒಂದು ಸೇತುವೆ, ಅದು ದಾಟಿದ ಮೇಲೆ ಒಂದು ಉದ್ದನೆಯ ಏರು, ಕೊನೆಗೆ ಬಯಲು. ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತ ರೇಖೆಗಳನ್ನು ಹಿಡಿದು ಲೆಕ್ಕ ಹಾಕಿದರೆ ಹೋಗಿಬರುವ ಒಟ್ಟು ಏರಿಕೆ 45 ಮೀಟರಿನ ಆಸುಪಾಸು. ನನ್ನ ವಾಚು ಒಂದೇ ವಾರದಲ್ಲಿ ಕೊಟ್ಟ ಅಂಕಿಗಳು ಇವು: 58, 214, 97, 143, 71.

ದೂರ ಸರಿಯಾಗಿತ್ತು, ನಾಡಿಬಡಿತ ಸರಿಯಾಗಿತ್ತು. ಎತ್ತರ ಮಾತ್ರ ದಿನಕ್ಕೊಂದು ಬಗೆ. ಗುಡ್ಡದ ಓಟಕ್ಕೆ ತಯಾರಿ ನಡೆಸುತ್ತಿದ್ದ ನನಗೆ ವಾರದ ಒಟ್ಟು ಏರಿಕೆಯೇ ಮುಖ್ಯವಾದ ಅಳತೆ. ಎಷ್ಟು ಹತ್ತಿದೆ ಎಂಬುದೇ ಗೊತ್ತಿಲ್ಲದಿದ್ದರೆ ಮುಂದಿನ ವಾರ ಎಷ್ಟು ಹತ್ತಬೇಕು ಎಂದು ತೀರ್ಮಾನಿಸುವುದು ಹೇಗೆ? ಹಾಗಾಗಿ ಇದರ ಬುಡ ಹುಡುಕಿಯೇ ಬಿಡೋಣ ಎಂದು ಕೂತೆ. ಒಂದೂವರೆ ತಿಂಗಳು ಹಿಡಿಯಿತು. ಇದ್ದದ್ದು ಒಂದು ತಪ್ಪಲ್ಲ, ಒಂದರ ಮೇಲೊಂದು ಕೂತಿದ್ದ ಮೂರ್ನಾಲ್ಕು. ಅದಕ್ಕೇ ಒಂದನ್ನು ಸರಿಮಾಡಿದಾಗ ಏನೂ ಬದಲಾದಂತೆ ಕಾಣುತ್ತಿರಲಿಲ್ಲ.

ಶುರುವಿನಲ್ಲಿ ಹುಡುಕಿದ್ದು ತಪ್ಪು ಜಾಗದಲ್ಲಿ

ಮೊದಲ ಅನುಮಾನ ಜಿಪಿಎಸ್ ಮೇಲೆ. ಎಲ್ಲ ಉಪಗ್ರಹ ವ್ಯವಸ್ಥೆಗಳನ್ನೂ ಬಳಸುವ ಮೋಡ್ ಹಾಕಿದೆ. ಓಟಕ್ಕೆ ಮುಂಚೆ ಐದು ನಿಮಿಷ ಬಯಲಿನಲ್ಲಿ ನಿಂತು ಸಿಗ್ನಲ್ ಗಟ್ಟಿಯಾಗಲು ಬಿಟ್ಟೆ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದೆ. ಕೊನೆಗೆ ಫ್ಯಾಕ್ಟರಿ ರೀಸೆಟ್ ಕೂಡ ಆಯಿತು. ಹಾಕಿಟ್ಟುಕೊಂಡಿದ್ದ ಸೆಟ್ಟಿಂಗುಗಳೆಲ್ಲ ಹೋದವು. ಮಾರನೇ ದಿನ ಏರಿಕೆ 126 ಮೀಟರ್.

ಇಷ್ಟಾದ ಮೇಲೆ ಸೆನ್ಸರ್ ಮೆನು ಪೂರ್ತಿ ಓದಿದೆ. ಈ ವಾಚಿನಲ್ಲಿ ಬ್ಯಾರೋಮೀಟರ್ ಇದೆ. ಅಂಥ ವಾಚು ಓಟದುದ್ದಕ್ಕೂ ಎತ್ತರ ಹೇಳುವುದು ಮುಖ್ಯವಾಗಿ ಗಾಳಿಯ ಒತ್ತಡ ನೋಡಿ. ಜಿಪಿಎಸ್ಸಿಗೆ ಎತ್ತರದ ವಿಷಯದಲ್ಲಿ ಹುಟ್ಟಿನಿಂದಲೇ ಒಂದು ಕೊರತೆ. ಅಕ್ಕಪಕ್ಕದ ಸ್ಥಾನ ಹಿಡಿಯಲು ನಾಲ್ಕೂ ದಿಕ್ಕಿನ ಉಪಗ್ರಹಗಳು ಸಿಗುತ್ತವೆ, ಮೇಲೆ ಕೆಳಗೆ ಹಿಡಿಯಲು ಮೇಲಿನವು ಮಾತ್ರ. ಕಾಲ ಕೆಳಗಿನವನ್ನು ಭೂಮಿಯೇ ಮರೆಮಾಡುತ್ತದೆ. ಹಾಗಾಗಿ ಎತ್ತರದ ತಪ್ಪು ಅಡ್ಡಡ್ಡ ತಪ್ಪಿಗಿಂತ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು.

ಬ್ಯಾರೋಮೀಟರ್ ಇದಕ್ಕಿಂತ ಎಷ್ಟೋ ಸೂಕ್ಷ್ಮ. ಸಮುದ್ರಮಟ್ಟದ ಹತ್ತಿರ ಸುಮಾರು 8.3 ಮೀಟರ್ ಮೇಲೇರಿದರೆ ಒತ್ತಡ 1 ಹೆಕ್ಟೊಪ್ಯಾಸ್ಕಲ್ (ಗಾಳಿಯ ಒತ್ತಡ ಅಳೆಯುವ ಮಾನ) ಇಳಿಯುತ್ತದೆ. ಈಗಿನ ಚಿಪ್‌ಗಳು ಅದರ ನೂರನೇ ಒಂದು ಭಾಗವನ್ನೂ ಗುರುತಿಸುತ್ತವೆ. ಆದರೆ ಈ ಚಿಪ್ಪಿಗೆ ಎತ್ತರ ಗೊತ್ತಿಲ್ಲ, ಒತ್ತಡ ಮಾತ್ರ ಗೊತ್ತು. ಒತ್ತಡ ಯಾವ ಕಾರಣಕ್ಕೆ ಬದಲಾದರೂ ವಾಚು ಅದನ್ನು ಏರಿಳಿತ ಎಂದೇ ಬರೆದುಕೊಳ್ಳುತ್ತದೆ. ಹಾಗಾದರೆ ನಾನು ಹುಡುಕಬೇಕಾದ್ದು ಎತ್ತರದ ತಪ್ಪನ್ನಲ್ಲ. ಓಡುವಾಗ ಸೆನ್ಸರಿನ ಬಳಿ ಒತ್ತಡವನ್ನು ಬದಲಿಸುತ್ತಿರುವುದು ಏನು ಎಂಬುದನ್ನು. ಪ್ರಶ್ನೆ ಹೀಗೆ ತಿರುಗಿದ ಮೇಲೆಯೇ ಕೆಲಸ ಮುಂದೆ ಸಾಗಿದ್ದು.

ಕಾಗದ ಮಡಚಿ ನೋಡಿದ್ದು

ಹೋದ ದಾರಿಯಲ್ಲೇ ಹಿಂತಿರುಗುವ ಓಟದಲ್ಲಿ ಒಂದು ದೊಡ್ಡ ಅನುಕೂಲವಿದೆ. ಎತ್ತರದ ಗ್ರಾಫಿನ ಮೊದಲರ್ಧವೂ ಕೊನೆಯರ್ಧವೂ ಕನ್ನಡಿಯಲ್ಲಿ ನೋಡಿದ ಹಾಗೆ ಇರಬೇಕು. ಹೋಗುವಾಗ ಹತ್ತಿದ್ದು ಬರುವಾಗ ಇಳಿಜಾರು, ಅಷ್ಟೇ. ನಿಜವಾದ ಎತ್ತರ ನನಗೆ ಗೊತ್ತಿಲ್ಲದಿದ್ದರೂ ಈ ಹೊಂದಾಣಿಕೆ ತಪ್ಪಿತೆಂದರೆ ವಾಚಿನದೇ ದೋಷ.

ಐದು ಓಟಗಳ ಫೈಲುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ದೂರದ ಎದುರು ಎತ್ತರದ ಗ್ರಾಫ್ ಬರೆದು, ಒಂದೊಂದನ್ನೂ ಇಡೀ ಹಾಳೆಗೆ ಪ್ರಿಂಟ್ ತೆಗೆದೆ. ಟ್ಯಾಂಕಿನ ಜಾಗಕ್ಕೆ, ಅಂದರೆ 5 ಕಿಲೋಮೀಟರಿಗೆ ಸರಿಯಾಗಿ ಹಾಳೆಯನ್ನು ಮಡಚಿ ಕಿಟಕಿಯ ಗಾಜಿಗೆ ಒತ್ತಿ ಹಿಡಿದೆ. ಬೆಳಕಿಗೆ ಎರಡೂ ಗೆರೆಗಳು ಒಂದರ ಮೇಲೊಂದು ಕಾಣುತ್ತವೆ. ಪ್ರೋಗ್ರಾಂ ಬರೆದು ಕಳೆದು ನೋಡಬಹುದಿತ್ತು, ಆಮೇಲೆ ಅದನ್ನೂ ಮಾಡಿದೆ. ಆದರೆ ಗಾಜಿನ ಮೇಲೆ ಬರಿಗಣ್ಣಿಗೆ ಕಂಡಷ್ಟು ಸ್ಪಷ್ಟವಾಗಿ ಸ್ಕ್ರೀನಿನಲ್ಲಿ ಕಾಣಲಿಲ್ಲ.

ಐದೂ ಹಾಳೆಗಳಲ್ಲಿ ಮೂರು ಬಗೆಯ ಬಿರುಕು. ಒಂದು: ಮಡಿಕೆಯ ಕಡೆ ಕೂಡಿಕೊಂಡಿದ್ದ ಗೆರೆಗಳು ಗೇಟಿನ ಕಡೆ ಬರುತ್ತ ಕತ್ತರಿ ತೆರೆದ ಹಾಗೆ ಮೆಲ್ಲಗೆ ಅಗಲವಾಗುತ್ತಿದ್ದವು, ಪ್ರತಿದಿನವೂ ವಾಪಸ್ ಬಂದ ಗೆರೆಯೇ ಕೆಳಗೆ. ಎರಡು: ಹೊರಟ ಮೊದಲ ಎರಡು ಕಿಲೋಮೀಟರಿನಲ್ಲಿ 20 ಮೀಟರಿಗೂ ಮೀರಿದ ಒಂದು ಗುಡ್ಡ. ಆ ರಸ್ತೆಯಲ್ಲಿ ಗುಡ್ಡವೇ ಇಲ್ಲ. ವಾಪಸ್ ಬರುವಾಗಿನ ಗೆರೆಯಲ್ಲೂ ಅದಿಲ್ಲ. ಮೂರು: ಎರಡು ಹಾಳೆಗಳಲ್ಲಿ ಮೆಟ್ಟಿಲಿನಂತೆ ದಿಢೀರ್ ಜಿಗಿತ, ಬೇರೆ ಬೇರೆ ಜಾಗದಲ್ಲಿ.

ಅಗಲವಾಗುವ ಕತ್ತರಿ, ಇಲ್ಲದ ಗುಡ್ಡ, ಮೆಟ್ಟಿಲು. ಆಕಾರಗಳು ಬೇರೆ ಬೇರೆ ಎಂದರೆ ಕಾರಣಗಳೂ ಬೇರೆ ಬೇರೆ ಇರಬೇಕು. ಎಲ್ಲಕ್ಕಿಂತ ದೊಡ್ಡದಾದ ಗುಡ್ಡವನ್ನೇ ಮೊದಲು ಹಿಡಿದೆ.

ಚೀಲದೊಳಗೆ ವಾಚು

ನನ್ನ ಜೊತೆ ಓಡುವ ಗೆಳೆಯ ಗ್ರಾಫ್ ನೋಡಿ ಕೇಳಿದ ಮೊದಲ ಮಾತು: "ವಾಚನ್ನ ಯಾವಾಗ ತೊಳೆದಿದ್ದೀಯೋ?"

"ಬಟ್ಟೆಯಲ್ಲಿ ಒರೆಸ್ತೀನಲ್ಲ ದಿನಾ," ಅಂದೆ.

"ಒರೆಸೋದಲ್ಲ. ತೊಳೆಯೋದು."

ವಾಚನ್ನು ಬಿಚ್ಚಿ ತಿರುಗಿಸಿ ಭೂತಗನ್ನಡಿಯಲ್ಲಿ ನೋಡಿದೆ. ಪಕ್ಕದ ಅಂಚಿನಲ್ಲಿ, ಬೆಲ್ಟ್ ಸೇರುವ ಜಾಗಕ್ಕೆ ಹತ್ತಿರ, ಸಾಲಾಗಿ ಮೂರು ಪುಟ್ಟ ತೂತು. ಒಂದರ ತುಂಬ ಬೂದುಬಣ್ಣದ ಮೇಣದಂಥದ್ದು. ಇನ್ನೊಂದರ ಬಾಯಲ್ಲಿ ಒಣಗಿದ ಉಪ್ಪಿನ ಬಿಳಿ ಉಂಗುರ. ಮೂರನೆಯದು ಅರ್ಧ ತೆರೆದಿತ್ತು. ಬೆವರು, ಸನ್‌ಸ್ಕ್ರೀನ್, ಚರ್ಮದ ಪುಡಿ ಸೇರಿ ಎರಡು ವರ್ಷದಲ್ಲಿ ಕಟ್ಟಿದ ಕೊಳೆ. ಹೊರಗಿನ ಗಾಳಿ ಸೆನ್ಸರನ್ನು ಮುಟ್ಟುವುದು ಈ ತೂತುಗಳ ಮೂಲಕವೇ. ಒಳಗೆ ನೀರು ತಡೆದು ಗಾಳಿ ಬಿಡುವ ತೆಳು ಪೊರೆ, ಅದರಾಚೆ ಒಂದು ಪುಟ್ಟ ಕೋಣೆ, ಕೋಣೆಯಲ್ಲಿ ಸೆನ್ಸರ್.

ನೋಡಿದ ತಕ್ಷಣ ತೊಳೆಯಬೇಕೆನ್ನಿಸಿತು. ಆದರೆ ತೊಳೆದುಬಿಟ್ಟರೆ ಕಾರಣ ಇದೇ ಎಂದು ಯಾವತ್ತೂ ಖಚಿತವಾಗುವುದಿಲ್ಲ. ಮೊದಲು ಅಳೆಯಬೇಕು. ಅದಕ್ಕೆ ಮಾಡಿದ ಪರೀಕ್ಷೆ ಇದು. ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದು.

ಜಿಪ್ ಇರುವ ದೊಡ್ಡ ಪ್ಲಾಸ್ಟಿಕ್ ಚೀಲ ತಗೊಂಡೆ. ಒಳಗೆ ವಾಚು, ಪಕ್ಕದಲ್ಲೇ ಬ್ಯಾರೋಮೀಟರ್ ಇರುವ ಫೋನು. ಎರಡರಲ್ಲೂ ಒತ್ತಡ ತೋರಿಸುವ ಪರದೆ ತೆರೆದಿಟ್ಟೆ. ಚೀಲವನ್ನು ದಿಂಬಿನ ಹಾಗೆ ಉಬ್ಬಿಸಿ ಜಿಪ್ ಎಳೆದು, ಮೇಲೆ ಒಂದು ಕಿಲೋ ತೂಕದ ಪುಸ್ತಕವನ್ನು ಮೆಲ್ಲಗೆ ಇಟ್ಟೆ. 500 ಚದರ ಸೆಂಟಿಮೀಟರ್ ಚೀಲದ ಮೇಲೆ ಒಂದು ಕಿಲೋ ಎಂದರೆ ಸುಮಾರು 2 ಹೆಕ್ಟೊಪ್ಯಾಸ್ಕಲ್. ಎತ್ತರದ ಲೆಕ್ಕದಲ್ಲಿ ಹದಿನೇಳು ಮೀಟರ್ ಕೆಳಗಿಳಿದಂತೆ. ಸೆನ್ಸರಿಗೆ ಅಪಾಯ ಮಾಡುವ ಒತ್ತಡವೇನಲ್ಲ ಇದು.

ಪುಸ್ತಕ ಇಟ್ಟ ಕೂಡಲೇ ಫೋನಿನ ಅಂಕಿ ಹಾರಿತು. ವಾಚಿನದು ಇದ್ದಲ್ಲೇ ಇತ್ತು. ಸೆಕೆಂಡುಗಳನ್ನು ಎಣಿಸುತ್ತ ಕೂತೆ. ಮೆಲ್ಲಗೆ, ಹೆಕ್ಟೊಪ್ಯಾಸ್ಕಲಿನ ಹತ್ತನೇ ಒಂದು ಭಾಗದಂತೆ ಏರುತ್ತ ಹೋಗಿ, ಫೋನು ತೋರಿಸಿದ ಬದಲಾವಣೆಯ ಮೂರನೇ ಎರಡು ಭಾಗ ಮುಟ್ಟಲು 40 ಸೆಕೆಂಡು ಹಿಡಿಯಿತು. ಪುಸ್ತಕ ತೆಗೆದಾಗಲೂ ಇಳಿಯುವುದಕ್ಕೆ ಅಷ್ಟೇ ಹೊತ್ತು. ಆಮೇಲೆ ತೂತುಗಳ ಮೇಲೆ ಒಂದು ಹನಿ ನೀರು ಬಿಟ್ಟು ಮತ್ತೆ ನೋಡಿದೆ. ಬೆವರಿದಾಗ ಆಗುವುದು ಇದೇ ತಾನೆ. ಈ ಸಲ ಎರಡು ನಿಮಿಷ.

ಇಲ್ಲದ ಗುಡ್ಡ ಎಲ್ಲಿಂದ ಬಂತು ಎಂಬುದು ಇಲ್ಲಿ ಬಿಡಿಸಿಕೊಂಡಿತು. ತೂತು ಮುಚ್ಚಿದೆ ಎಂದರೆ ಆ ಪುಟ್ಟ ಕೋಣೆಯ ಗಾಳಿ ಹೊರಗಿನ ಗಾಳಿಯ ಜೊತೆ ಬೆರೆಯದೆ ಸೆರೆಯಲ್ಲಿದೆ. ಸೆರೆಯಾದ ಗಾಳಿ ತಣ್ಣಗಾದರೆ ಅದರ ಒತ್ತಡ ಇಳಿಯುತ್ತದೆ. ಒಂದೇ ಒಂದು ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು ಮುನ್ನೂರನೇ ಒಂದು ಭಾಗ, ಅಂದರೆ 3.3 ಹೆಕ್ಟೊಪ್ಯಾಸ್ಕಲ್; ಎತ್ತರದಲ್ಲಿ ಹೇಳುವುದಾದರೆ 28 ಮೀಟರ್! ಮನೆಯೊಳಗೆ ಬೆಚ್ಚಗಿದ್ದ ವಾಚು ಬೆಳಗಿನ ತಂಪಿಗೆ ಬಂದು, ಓಟದ ಗಾಳಿಗೆ ಸಿಕ್ಕು, ಮೊದಲ ಹತ್ತು ನಿಮಿಷದಲ್ಲಿ ನಾಲ್ಕೈದು ಡಿಗ್ರಿ ತಣಿಯುತ್ತದೆ. ಸೆರೆಯಾದ ಗಾಳಿ ಕುಗ್ಗುತ್ತಲೇ ಇರುತ್ತದೆ, ಹೊರಗಿನ ಗಾಳಿ ಆ ವೇಗಕ್ಕೆ ಒಳನುಗ್ಗಲಾರದು. ಎರಡು ನಿಮಿಷದ ವಿಳಂಬ ಇಟ್ಟುಕೊಂಡು ಲೆಕ್ಕ ಹಾಕಿದರೆ 20ರಿಂದ 30 ಮೀಟರ್ ಸುಳ್ಳು ಏರಿಕೆ ಬರುತ್ತದೆ. ವಾಚು ತಣಿಯುವುದು ನಿಂತ ಮೇಲೆ ಗಾಳಿ ಸೋರಿ ಸರಿಹೋಗುತ್ತದೆ, ಗುಡ್ಡ ಇಳಿಯುತ್ತದೆ. ನನ್ನ ಹಾಳೆಗಳಲ್ಲಿದ್ದ ಆಕಾರ ಇದೇ. ಚಿಪ್ಪಿನೊಳಗೆ ಉಷ್ಣತೆಯ ತಿದ್ದುಪಡಿ ಇರುತ್ತದೆ ನಿಜ, ಆದರೆ ಅದು ತಿದ್ದುವುದು ಚಿಪ್ಪಿನ ಸ್ವಂತ ಏರುಪೇರನ್ನು. ಸೆರೆಯಾದ ಗಾಳಿಯ ವಿಷಯ ಅದಕ್ಕೆ ತಿಳಿಯುವ ಬಗೆಯೇ ಇಲ್ಲ.

ಇನ್ನು ತೊಳೆದದ್ದು. ಉಗುರುಬೆಚ್ಚಗಿನ ನೀರಿಗೆ ಒಂದು ತೊಟ್ಟು ಸೌಮ್ಯವಾದ ದ್ರವ ಸೋಪು ಹಾಕಿ ವಾಚನ್ನು ಇಪ್ಪತ್ತು ನಿಮಿಷ ನೆನೆಯಲು ಬಿಟ್ಟೆ. ನಡುನಡುವೆ ನೀರಿನಲ್ಲೇ ಅಲ್ಲಾಡಿಸಿದೆ. ಮೆತ್ತನೆಯ ಬ್ರಷ್ಷಿನಿಂದ ಹೊರಬದಿಯನ್ನು ಮಾತ್ರ ಉಜ್ಜಿದೆ. ಸೋಪು ಪೂರ್ತಿ ಹೋಗುವ ತನಕ ಬರಿ ನೀರಿನಲ್ಲಿ ಜಾಲಿಸಿ, ತೂತು ಕೆಳಮುಖವಾಗುವಂತೆ ಹಿಡಿದು ಕೊಡವಿ, ಹಾಗೆಯೇ ರಾತ್ರಿಯಿಡೀ ಒಣಗಲು ಇಟ್ಟೆ. ನೀರಿನಲ್ಲಿ ಮುಳುಗಿಸಬಹುದಾದ ವಾಚಿಗೆ ಮಾತ್ರ ಈ ಮಾತು, ಅದನ್ನು ಮೊದಲೇ ಖಚಿತಪಡಿಸಿಕೊಳ್ಳಿ. ಸೂಜಿ, ಪಿನ್ನು, ಟೂತ್‌ಪಿಕ್ ಯಾವುದನ್ನೂ ತೂತಿಗೆ ಹಾಕಬೇಡಿ. ಪೊರೆ ಹರಿದರೆ ಎತ್ತರವೂ ಹೋಯಿತು, ವಾಚಿನ ನೀರುತಡೆಯೂ ಹೋಯಿತು. ರಭಸದ ಗಾಳಿ ಊದುವ ಡಬ್ಬಿ, ಹೇರ್ ಡ್ರೈಯರ್ ಕೂಡ ಬೇಡ.

ಎರಡು ಸಲ ನೆನೆಸಬೇಕಾಯಿತು. ಮೊದಲ ಸಲಕ್ಕೆ ಚೀಲದ ಪರೀಕ್ಷೆಯಲ್ಲಿ 40 ಸೆಕೆಂಡು 15ಕ್ಕೆ ಇಳಿಯಿತು, ಎರಡನೆಯದಕ್ಕೆ 2 ಸೆಕೆಂಡು. ಮಾರನೇ ದಿನ ಓಡಿ ಬಂದು ಹಾಳೆ ಮಡಚಿದರೆ ಗುಡ್ಡ ಮಾಯ. ಕತ್ತರಿಯ ಬಾಯಿ ಮಾತ್ರ ಹಾಗೆಯೇ ತೆರೆದಿತ್ತು.

ಮನೆಯಲ್ಲೊಂದು ಕಾವಲಿನ ಬ್ಯಾರೋಮೀಟರ್

ಗೇಟಿನಿಂದ ಹೊರಟು ಗೇಟಿಗೇ ಬಂದು ನಿಂತರೂ ವಾಚು ನನ್ನನ್ನು 6–7 ಮೀಟರ್ ಕೆಳಗೆ ತೋರಿಸುತ್ತಿತ್ತು. ಎರಡೂವರೆ ಗಂಟೆಯ ಉದ್ದ ಓಟದ ದಿನ 14 ಮೀಟರ್. ಒಂದು ದಿನವೂ ಮೇಲೆ ತೋರಿಸಿದ್ದಿಲ್ಲ, ಯಾವಾಗಲೂ ಕೆಳಗೇ. ಇದು ನನ್ನನ್ನು ಬಹಳ ಕಾಡಿತು. ಹವಾಮಾನ ಬದಲಾಗಿ ಒತ್ತಡ ಏರುಪೇರಾಗುತ್ತದೆ ಎಂದರೆ ಒಂದು ದಿನ ಮೇಲೆ, ಒಂದು ದಿನ ಕೆಳಗೆ ಆಗಬೇಕಿತ್ತಲ್ಲ?

ನಾನು ಓಡುತ್ತಿರುವಾಗ ಓಡದೆ ಒಂದೇ ಕಡೆ ಕೂತಿರುವ ಇನ್ನೊಂದು ಬ್ಯಾರೋಮೀಟರ್ ಬೇಕಿತ್ತು. ಈ ಉಪಾಯ ಬಹಳ ಹಳೆಯದು. 1648ರ ಸೆಪ್ಟೆಂಬರ್ 19ರಂದು ಫ್ರೆಂಚ್ ವಿಜ್ಞಾನಿ ಬ್ಲೇಸ್ ಪಾಸ್ಕಲನ ಭಾವ ಫ್ಲೋರಾಂ ಪೆರಿಯೆ ಫ್ರಾನ್ಸಿನ ಪ್ಯುಯ್ ದ ಡೋಮ್ ಬೆಟ್ಟಕ್ಕೆ ಪಾದರಸದ ಕೊಳವೆ ಹೊತ್ತುಕೊಂಡು ಹೋದ. ತುದಿಯಲ್ಲಿ ಪಾದರಸ ಮೂರು ಇಂಚಿಗಿಂತ ಹೆಚ್ಚು ಇಳಿದಿತ್ತು. ಎತ್ತರಕ್ಕೆ ಹೋದಂತೆ ಗಾಳಿಯ ಭಾರ ಕಡಿಮೆಯಾಗುತ್ತದೆ ಎಂದು ತೋರಿಸಿಕೊಟ್ಟದ್ದು ಆ ಹತ್ತಾಟ. ಅದರಲ್ಲಿ ನನಗೆ ಬಹಳ ಹಿಡಿಸುವುದು ಬೆಟ್ಟದ ತುದಿಯಲ್ಲ, ಬುಡ. ಅಲ್ಲಿನ ಮಠದ ತೋಟದಲ್ಲಿ ಇನ್ನೊಂದು ಕೊಳವೆಯನ್ನು ನಿಲ್ಲಿಸಿ, ದಿನವಿಡೀ ಅದನ್ನು ನೋಡುತ್ತಿರಲು ಒಬ್ಬ ಸನ್ಯಾಸಿಯನ್ನು ಕೂರಿಸಿ ಹೋಗಿದ್ದರು. ಅದು ಅಲುಗಲಿಲ್ಲ. ಹಾಗಾಗಿಯೇ ಮೇಲೆ ಇಳಿದದ್ದು ಎತ್ತರದಿಂದ, ಹವೆಯಿಂದಲ್ಲ ಎಂದು ಹೇಳಲು ಸಾಧ್ಯವಾಯಿತು. ನನ್ನ ವಾಚಿಗೂ ಅಂಥದೊಂದು ಕಾವಲು ಬೇಕಿತ್ತು.

ಬಿಎಂಪಿ280 ಎಂಬ ಒತ್ತಡದ ಸೆನ್ಸರ್ ಇರುವ ಪುಟ್ಟ ಬೋರ್ಡು, ಅದನ್ನು ಓದಲು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ನಾಲ್ಕು ವೈರು. 3.3 ವೋಲ್ಟ್, ಗ್ರೌಂಡ್, ಡೇಟಾ, ಕ್ಲಾಕ್. ಜೋಡಿಸಲು ಹತ್ತು ನಿಮಿಷ. ನಡೆಸಲು ಒಂದು ಸಂಜೆ. ಕೋಡು ಸೆನ್ಸರ್ ಸಿಗಲಿಲ್ಲ ಎಂದೇ ಹೇಳುತ್ತಿತ್ತು. ವೈರು ಬದಲಿಸಿದೆ, ಸೆನ್ಸರಿನ ವಿಳಾಸವನ್ನು ಹೆಕ್ಸ್ (ಹದಿನಾರರ ಎಣಿಕೆ) 76ರಿಂದ 77ಕ್ಕೆ ಬದಲಿಸಿದೆ, ಬೆಸುಗೆ ಮತ್ತೆ ಹಾಕಿದೆ. ಕೊನೆಗೆ ನೋಡಿದರೆ ನಾನು ಹಾಕಿಕೊಂಡಿದ್ದದ್ದು ಬಿಎಂಇ280 ಎಂಬ ಬೇರೆ ಚಿಪ್ಪಿನ ಲೈಬ್ರರಿ, ಅಂದರೆ ಅದನ್ನು ಓದುವ ಸಿದ್ಧ ಕೋಡು. ತೇವಾಂಶವನ್ನೂ ಅಳೆಯುವ ಆ ಚಿಪ್ಪು ನೋಡಲು ಇದರ ಅಣ್ಣತಮ್ಮನ ಹಾಗಿದ್ದರೂ ಗುರುತಿನ ಸಂಖ್ಯೆ ಬೇರೆ: ಅದರದು ಹೆಕ್ಸ್ 60, ಇದರದು 58. ಲೈಬ್ರರಿ 60 ಸಿಗದೆ ಹಿಂದೆ ಸರಿಯುತ್ತಿತ್ತು. ಸರಿಯಾದ ಲೈಬ್ರರಿ ಹಾಕಿದೊಡನೆ ಓದತೊಡಗಿತು.

ಹತ್ತು ಸೆಕೆಂಡಿಗೊಂದು ಅಳತೆ, ನಿಮಿಷಕ್ಕೊಂದು ಸರಾಸರಿ. ಮೊದಲ ರಾತ್ರಿಯ ಗೆರೆಯಲ್ಲಿ ಬೇಡದ್ದು ಬಹಳ ಇತ್ತು. ಬಾಗಿಲು ಜೋರಾಗಿ ಮುಚ್ಚಿದಾಗಲೆಲ್ಲ ಒಂದು ಮುಳ್ಳು. ಬೆಳಿಗ್ಗೆ ಕಿಟಕಿಯ ಬಿಸಿಲು ಬಿದ್ದ ಗಳಿಗೆಗೆ ಸರಿಯಾಗಿ ಒಂದು ಜಿಗಿತ; ಈ ಚಿಪ್ಪಿನ ಕಿಂಡಿಗೆ ನೇರ ಬೆಳಕು ಬಿದ್ದರೆ ಅಳತೆ ಕೆಡುತ್ತದೆ. ಇಎಸ್‌ಪಿ32ರ ಬಿಸಿಯೂ ತಟ್ಟುತ್ತಿತ್ತು. ಹದಿನೈದು ಸೆಂಟಿಮೀಟರ್ ವೈರು ಹಾಕಿ ಸೆನ್ಸರನ್ನು ದೂರ ಸರಿಸಿ, ತೂತುಗಳಿದ್ದ ಡಬ್ಬಿಯೊಳಗೆ ಗಾಳಿಯಾಡುವ ಕಪ್ಪು ಫೋಮಿನ ಹಿಂದೆ ಕೂರಿಸಿದ ಮೇಲೆ ಗೆರೆ ನಯವಾಯಿತು. ಎರಡು ಹೊತ್ತಿನ ವ್ಯತ್ಯಾಸ ಹೇಳುವುದರಲ್ಲಿ ಈ ಸೆನ್ಸರಿನ ನಿಖರತೆ 0.12 ಹೆಕ್ಟೊಪ್ಯಾಸ್ಕಲ್ ಆಚೀಚೆ, ಅಂದರೆ ಒಂದು ಮೀಟರ್. ನನ್ನ ಕೆಲಸಕ್ಕೆ ಧಾರಾಳವಾಗಿ ಸಾಕು.

ನಾಲ್ಕು ದಿನದ ಗೆರೆಯನ್ನು ಒಟ್ಟಿಗೆ ನೋಡಿದಾಗ ನಿಜಕ್ಕೂ ರೋಮಾಂಚನವಾಯಿತು. ಅಲೆ! ದಿನಕ್ಕೆ ಎರಡು ಸಲ ಏರಿ, ಎರಡು ಸಲ ಇಳಿಯುವ, ಉಬ್ಬರವಿಳಿತದಂಥ ಅಲೆ. ಬೆಳಿಗ್ಗೆ 10ರ ಸುಮಾರಿಗೆ ಮತ್ತು ರಾತ್ರಿ 10ರ ಸುಮಾರಿಗೆ ಶಿಖರ. ಬೆಳಗಿನ ಜಾವ 4ಕ್ಕೂ ಸಂಜೆ 4ಕ್ಕೂ ತಗ್ಗು. ಇದಕ್ಕೆ ವಾತಾವರಣದ ಉಬ್ಬರವಿಳಿತ ಎಂದೇ ಹೆಸರು. ಸಮುದ್ರದ ಉಬ್ಬರಕ್ಕೆ ಮುಖ್ಯವಾಗಿ ಚಂದ್ರ ಕಾರಣನಾದರೆ ಇದಕ್ಕೆ ಸೂರ್ಯ: ಮೇಲಿನ ಓಝೋನ್ ಮತ್ತು ಕೆಳಗಿನ ನೀರಾವಿ ಬಿಸಿಲು ಹೀರಿ ಕಾಯುವುದರಿಂದ ಇಡೀ ವಾತಾವರಣ ಹೀಗೆ ಉಸಿರಾಡುತ್ತದೆ. ಧ್ರುವಗಳ ಕಡೆ ಹೋದಂತೆ ಅಲೆ ಕುಗ್ಗುತ್ತದೆ. ಉಷ್ಣವಲಯದಲ್ಲಿ ಶಿಖರಕ್ಕೂ ತಗ್ಗಿಗೂ ಸುಮಾರು 3 ಹೆಕ್ಟೊಪ್ಯಾಸ್ಕಲ್ ಅಂತರ ಸಾಮಾನ್ಯ.

ನಾನು ಓಡುವುದು ಬೆಳಿಗ್ಗೆ ಆರೂವರೆಗೆ. ಅಲೆ ಅತಿ ಕಡಿದಾಗಿ ಏರುವ ಹೊತ್ತೇ ಅದು. ಒತ್ತಡ ಏರಿದರೆ ವಾಚಿನ ಲೆಕ್ಕದಲ್ಲಿ ನಾನು ಇಳಿದೆ. ದಿನವೂ ಕೆಳಗೇ ಯಾಕೆ ತೋರಿಸುತ್ತದೆ ಎಂಬುದಕ್ಕೆ ಉತ್ತರ ಕಣ್ಣೆದುರಿತ್ತು. ಒಂದು ಗಂಟೆ ಹತ್ತು ನಿಮಿಷದಲ್ಲಿ ಕಾವಲಿನ ಬ್ಯಾರೋಮೀಟರ್ 0.8 ಹೆಕ್ಟೊಪ್ಯಾಸ್ಕಲ್ ಏರಿದ್ದರೆ ವಾಚು ಸುಮಾರು 7 ಮೀಟರ್ ಕೆಳಗೆ ಹೋಗಬೇಕು, ಹೋಗಿತ್ತು.

ಓಟದ ಪ್ರತಿ ನಿಮಿಷದ ಎತ್ತರಕ್ಕೆ, ಹೊರಟಾಗಿನಿಂದ ಆ ನಿಮಿಷದ ತನಕ ಆದ ಒತ್ತಡದ ಏರಿಕೆಯನ್ನು ಮೀಟರಿಗೆ ಬದಲಿಸಿ ಕೂಡುವ ಪುಟ್ಟ ಪ್ರೋಗ್ರಾಂ ಬರೆದೆ. ಮೊದಲ ಸಲ ಓಡಿಸಿದಾಗ ಗ್ರಾಫ್ ಮೊದಲಿಗಿಂತ ಕೆಟ್ಟಿತು! ವಾಚು ಓಟವನ್ನು ಉಳಿಸಿಡುವ ಫಿಟ್ ಫೈಲು ಹೊತ್ತನ್ನು ಎಣಿಸುವುದು 1989ರ ಡಿಸೆಂಬರ್ 31ರಿಂದ, ಅದೂ ವಿಶ್ವ ಸಮಯದಲ್ಲಿ (ಯುಟಿಸಿ). ನನ್ನ ಲಾಗು 1970ರ ಜನವರಿ 1ರಿಂದ. ಈ ಎರಡರ ನಡುವಿನ 63,10,65,600 ಸೆಕೆಂಡುಗಳನ್ನು ಕೂಡಿದ್ದೆ, ಆದರೆ ಲಾಗಿನಲ್ಲಿ ಸ್ಥಳೀಯ ಗಂಟೆ ಬೆರೆತಿತ್ತು. ಬೇರೆ ಯಾವುದೋ ಹೊತ್ತಿನ ಅಲೆಯನ್ನು ಬೆಳಗಿನ ಓಟಕ್ಕೆ ಹಾಕಿಬಿಟ್ಟಿದ್ದೆ. ಎರಡನ್ನೂ ವಿಶ್ವ ಸಮಯಕ್ಕೆ ತಂದ ಮೇಲೆ ಕತ್ತರಿಯ ಬಾಯಿ ಮುಚ್ಚಿತು. ಗೇಟಿನಿಂದ ಗೇಟಿಗೆ ಅಂತರ 1 ಮೀಟರ್.

ಇಷ್ಟೆಲ್ಲ ಕಟ್ಟಲು ಮನಸ್ಸಿಲ್ಲದವರು ಬ್ಯಾರೋಮೀಟರ್ ಇರುವ ಹಳೆಯ ಫೋನೊಂದನ್ನು ಮನೆಯಲ್ಲಿ ಲಾಗ್ ಮಾಡುತ್ತ ಬಿಟ್ಟು ಹೋದರೂ ಆಯಿತು. ಅದೂ ಇಲ್ಲವೆಂದರೆ, ಹೊರಟ ಜಾಗಕ್ಕೇ ಮರಳಿದಾಗ ಉಳಿಯುವ ವ್ಯತ್ಯಾಸವನ್ನು ಓಟದುದ್ದಕ್ಕೂ ಸಮವಾಗಿ ಹಂಚಿಬಿಡಿ. ಒಂದೆರಡು ಗಂಟೆಯ ಓಟಕ್ಕೆ ಅದು ಸಾಕಷ್ಟು ಚೆನ್ನಾಗಿಯೇ ಕೂರುತ್ತದೆ.

ಮೆಟ್ಟಿಲಿನಂಥ ಜಿಗಿತ

ಇದು ಬೇಗ ಸಿಕ್ಕಿತು. ಓಟದ ನಡುವೆ ಆಗಾಗ ಜಿಪಿಎಸ್ ನೋಡಿ ಬ್ಯಾರೋಮೀಟರನ್ನು ತಿದ್ದುವ ಸ್ವಯಂ ಕ್ಯಾಲಿಬ್ರೇಷನ್ ವಾಚಿನಲ್ಲಿ ಆನ್ ಆಗಿತ್ತು. ಜಿಗಿತ ಬಿದ್ದ ಎರಡೂ ಜಾಗ ದಟ್ಟ ಮರಗಳ ಕೆಳಗೆ. ಅಲ್ಲಿ ಕೆಟ್ಟ ಜಿಪಿಎಸ್ ಎತ್ತರವನ್ನು ನಂಬಿ ಒಳ್ಳೆಯ ಬ್ಯಾರೋಮೀಟರನ್ನು ಎಳೆದು ಹಾಕುತ್ತಿತ್ತು. ಅದನ್ನು ಆಫ್ ಮಾಡಿ, ಹೊರಡುವ ಮುನ್ನ ಗೇಟಿನ ಎತ್ತರವನ್ನು ಕೈಯಾರೆ ಕೊಡುವುದನ್ನು ರೂಢಿ ಮಾಡಿಕೊಂಡೆ. ನಿಂತಲ್ಲಿನ ಎತ್ತರಕ್ಕೆ ಸರ್ವೆ ಗುರುತೋ ಒಳ್ಳೆಯ ನಕ್ಷೆಯೋ ಆಧಾರವಾಗಿರಲಿ. ಫೋನಿನ ಕೆಲವು ಆ್ಯಪ್‌ಗಳು ತೋರಿಸುವುದು ಸಮುದ್ರಮಟ್ಟದಿಂದಿರುವ ಎತ್ತರವಲ್ಲ, ಭೂಮಿಯ ಗಣಿತದ ಮಾದರಿಯಿಂದ ಅಳೆದದ್ದು. ಇವೆರಡಕ್ಕೂ ಅಂತರ ಜಗತ್ತಿನಲ್ಲಿ ಎಲ್ಲಿದ್ದೀರಿ ಎಂಬುದರ ಮೇಲೆ ಸುಮಾರು ಮೈನಸ್ 106 ಮೀಟರಿನಿಂದ ಪ್ಲಸ್ 85 ಮೀಟರಿನ ತನಕ ಇರುತ್ತದೆ.

ಕಾಗದ ಮಡಚಿದರೂ ಸಿಗದ ತಪ್ಪು ಒಂದಿತ್ತು, ಅದು ಸಿಕ್ಕಿದ್ದು ಆಕಸ್ಮಿಕವಾಗಿ. ವಾಚಿನ ಫೈಲಿನ ಗ್ರಾಫಿನಲ್ಲಿ ಸೇತುವೆ ಸಪಾಟಾಗಿತ್ತು. ವಾಚಿನ ಓಟಗಳನ್ನು ತೋರಿಸುವ ಫೋನಿನ ಆ್ಯಪ್‌ನಲ್ಲಿ ಅದೇ ಓಟ ನೋಡಿದರೆ ಅಲ್ಲೊಂದು ಹನ್ನೆರಡು ಮೀಟರಿನ ಹೊಂಡ. ಹೋಗುವಾಗಲೂ ಬರುವಾಗಲೂ ಒಂದೇ ಹೊಂಡ, ಹಾಗಾಗಿ ಎರಡೂ ಗೆರೆ ಅಚ್ಚುಕಟ್ಟಾಗಿ ಕೂಡುತ್ತಿದ್ದವು. ಆ್ಯಪ್‌ನ ಎತ್ತರ ತಿದ್ದುಪಡಿ ಎಂಬ ಆಯ್ಕೆ ವಾಚಿನ ಅಳತೆಯನ್ನೇ ತೆಗೆದುಹಾಕಿ ನಕ್ಷೆಯಲ್ಲಿನ ನೆಲದ ಎತ್ತರವನ್ನು ಹಾಕುತ್ತಿತ್ತು. ಇಂಥ ನಕ್ಷೆಗಳಲ್ಲಿ ಹೆಸರಾದದ್ದು 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ರಾಡಾರ್ ಬೀರಿ ಮಾಡಿದ ಅಳತೆ. ಸುಮಾರು 30 ಮೀಟರಿಗೊಂದು ಚೌಕ. ಇಷ್ಟು ದಪ್ಪ ಚೌಕಗಳಲ್ಲಿ ಸಣ್ಣ ಸೇತುವೆ ಉಳಿಯುವುದಿಲ್ಲ, ಕೆಳಗಿನ ಹಳ್ಳದ ಎತ್ತರವೇ ಸಿಗುತ್ತದೆ. ಗುಡ್ಡದ ಪಕ್ಕದ ರಸ್ತೆಯಲ್ಲಿ ಜಿಪಿಎಸ್ ಹತ್ತು ಮೀಟರ್ ಸರಿದರೂ ಪಕ್ಕದ ಚೌಕಕ್ಕೆ ಹೋಗಿ ಏರಿಕೆ ಸೇರಿಬಿಡಬಹುದು. ಬ್ಯಾರೋಮೀಟರ್ ಇಲ್ಲದ ವಾಚಿಗೆ ಈ ತಿದ್ದುಪಡಿ ಒಳ್ಳೆಯದೇ. ಇರುವವರು ಆಫ್ ಮಾಡುವುದು ಮೇಲು.

ಒಂದೇ ಫೈಲು, ಮೂರು ಮೊತ್ತ

ಒಟ್ಟು ಏರಿಕೆಯನ್ನು ನಾನೇ ಕೂಡಿ ನೋಡಿದೆ. ಸೆಕೆಂಡಿನಿಂದ ಸೆಕೆಂಡಿಗೆ ಏರಿದ್ದನ್ನೆಲ್ಲ ಕೂಡಿದರೆ 131 ಮೀಟರ್. ಕನಿಷ್ಠ 1 ಮೀಟರ್ ಏರಿದಾಗ ಮಾತ್ರ ಲೆಕ್ಕಕ್ಕೆ ತಗೊಂಡರೆ 52. ಹೊಸ್ತಿಲನ್ನು 3 ಮೀಟರಿಗೆ ಏರಿಸಿದರೆ 38. ಅಳತೆಯ ಸಣ್ಣ ನಡುಕದಲ್ಲಿ ಏರಿದ್ದು ಮೊತ್ತಕ್ಕೆ ಸೇರುತ್ತದೆ, ಇಳಿದದ್ದು ಕಳೆಯುವುದಿಲ್ಲ. ಹಾಗಾಗಿ ನಡುಕ ಎಷ್ಟೋ ಅಷ್ಟು ಸುಳ್ಳು ಏರಿಕೆ. ಹೊಸ್ತಿಲು ಎತ್ತರವಾದರೆ ನಿಜವಾದ ಪುಟ್ಟ ದಿಬ್ಬಗಳೂ ಮಾಯವಾಗುತ್ತವೆ. ಇಬ್ಬರು ಜೊತೆಯಲ್ಲೇ ಓಡಿ ಬೇರೆ ಬೇರೆ ಏರಿಕೆ ಕಂಡು ಜಗಳವಾಡುವುದನ್ನು ನೋಡಿದ್ದೇನೆ. ಎರಡೂ ವಾಚು ಸರಿಯಿದ್ದು, ಹೊಸ್ತಿಲು ಮಾತ್ರ ಬೇರೆ ಇರಬಹುದು. ನಾನು 2 ಮೀಟರ್ ಇಟ್ಟುಕೊಂಡಿದ್ದೇನೆ.

ಮೆಟ್ಟಿಲ ಪರೀಕ್ಷೆಯನ್ನೂ ಮಾಡಿದೆ: 16 ಸೆಂಟಿಮೀಟರಿನ 75 ಮೆಟ್ಟಿಲು, ಟೇಪಿನಲ್ಲಿ 12 ಮೀಟರ್. ವಾಚು ತೋರಿಸಿದ್ದು 11. ಇದು ದೋಷವಲ್ಲ. ವಾಚಿನ ಸೂತ್ರ ಸಮುದ್ರಮಟ್ಟದಲ್ಲಿ 15 ಡಿಗ್ರಿ ಎಂದು ಇಟ್ಟುಕೊಂಡ ಮಾದರಿ ಗಾಳಿಯದು. ಅದಕ್ಕಿಂತ ಗಾಳಿ ಬಿಸಿಯಿದ್ದರೆ ಹಗುರ, ಅಷ್ಟೇ ಹತ್ತಿದರೂ ಒತ್ತಡ ಇಳಿಯುವುದು ಕಡಿಮೆ. ಹೆಚ್ಚುಕಡಿಮೆ ಪ್ರತಿ 3 ಡಿಗ್ರಿಗೆ ಒಂದು ಶೇಕಡ. ಬೇಸಿಗೆಯ ಗುಡ್ಡದ ಓಟಗಳಲ್ಲಿ ವಾಚು ನಮ್ಮ ಶ್ರಮವನ್ನು ಯಾವಾಗಲೂ ಸ್ವಲ್ಪ ಕಡಿಮೆಯೇ ಹೇಳುತ್ತದೆ.

ಉಳಿದದ್ದು ಗಾಳಿ

ಎಲ್ಲ ಸರಿಯಾದ ಮೇಲಿನ ನಾಲ್ಕು ಓಟಗಳು: 44, 47, 49, 45. ಐದನೆಯದು 61. ಅವತ್ತು ಗಾಳಿ ಜೋರಾಗಿತ್ತು. ಹಾಳೆ ಮಡಚಿದರೆ ಏರಿನ ಮೇಲಿನ ಬಯಲಿನಲ್ಲಿ ಮಾತ್ರ ಗರಗಸದ ಹಲ್ಲಿನಂಥ ಗೆರೆ, 3–4 ಮೀಟರ್ ಮೇಲೆ ಕೆಳಗೆ. ಗಾಳಿ ನೇರವಾಗಿ ತೂತಿಗೆ ಹೊಡೆದರೆ ಒತ್ತಡ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸೆಕೆಂಡಿಗೆ 5 ಮೀಟರ್ ಗಾಳಿಗೆ ಒಂದು ಮೀಟರಿಗಿಂತ ತುಸು ಹೆಚ್ಚು, 10 ಮೀಟರ್ ಗಾಳಿಗೆ 5 ಮೀಟರ್ ಸುಳ್ಳು ಇಳಿತ. ಕೈ ಬೀಸುವಾಗ ತೂತು ಒಮ್ಮೆ ಗಾಳಿಗೆ ಎದುರಾಗುತ್ತದೆ, ಒಮ್ಮೆ ಮರೆಯಾಗುತ್ತದೆ, ಹಾಗಾಗಿ ಹಲ್ಲುಗಳು.

ಮೇಲೆ ಬಿಗಿಯಾದ ತೋಳಿನ ಜಾಕೆಟ್ ಹಾಕಿ ನೋಡಿದೆ. ಬಟ್ಟೆ ತೂತಿಗೆ ಅಂಟಿ, ಬೆವರಿಗೆ ನೆನೆದು, ಹಳೆಯ ಗುಡ್ಡವೇ ಸಣ್ಣದಾಗಿ ಮತ್ತೆ ಬಂತು. ಸಡಿಲವಾದ ತೆಳು ತೋಳಿನಲ್ಲಿ ಅಷ್ಟು ತೊಂದರೆ ಆಗಲಿಲ್ಲ. ಆಮೇಲೆ ವಾಚನ್ನು ಮಣಿಕಟ್ಟಿನ ಒಳಮಗ್ಗುಲಿಗೆ ತಿರುಗಿಸಿ, ಬೆಲ್ಟನ್ನು ಒಂದು ತೂತು ಸಡಿಲ ಮಾಡಿ, ಮೊನ್ನೆ ಅಷ್ಟೇ ಗಾಳಿಯಿದ್ದ ಬೆಳಿಗ್ಗೆ ಓಡಿದೆ. ನಾಡಿಬಡಿತದ ಗೆರೆ ಸ್ವಲ್ಪ ಹರಿದಿದೆ. ಎತ್ತರದ ಹಲ್ಲು ಒಂದೂವರೆ ಮೀಟರಿಗೆ ಇಳಿದಿದೆ, ಒಟ್ಟು ಏರಿಕೆ 48. ಆ ಹಾಳೆ ಈಗಲೂ ಕಿಟಕಿಯ ಗಾಜಿಗೆ ಅಂಟಿಕೊಂಡಿದೆ. ಟ್ಯಾಂಕಿನಿಂದ ಗೇಟಿನ ತನಕ ಎರಡು ಗೆರೆಗಳನ್ನು ಬಿಡಿಸಿ ನೋಡಲು ಹತ್ತಿರ ಹೋಗಿ ಕಣ್ಣು ಕಿರಿದು ಮಾಡಬೇಕು.